ಕೋಲಿಲ್ಲದ ಬಾವುಟ

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯ ಸೊಸೆ ತಲೆಗೆ ಹಚ್ಚುವ ಎಣ್ಣೆ ಕಾಯಿಸಲು ಗರುಗದ ಸೊಪ್ಪು ಅರೆಯುತ್ತಿದ್ದಳು. ಕಿಟಕಿ ತೆರೆದಿತ್ತು. ಆ ಹಸಿ ಒಗರಿನ ವಾಸನೆ ಒಳಗೆ ಬಂದದ್ದೇ ತಡ, ನನ್ನ ಎಡಗೈ ತಾನಾಗಿ ಹೋಗಿ ಬಲಗೈಯ ಮುಂಗೈಯನ್ನು ಮುಚ್ಚಿಕೊಂಡಿತು. ಅಲ್ಲಿ ಉರಿಯಿತು ಎಂದು ಬರೆಯಲು ಹೊರಟೆ. ಉರಿಯಲಿಲ್ಲ, ಉರಿದಂತೆ ಅನ್ನಿಸಿತು, ಅಷ್ಟೆ. ಈ ವಯಸ್ಸಿನಲ್ಲಿ ನೆನಪು ಹೇಳಿದ್ದನ್ನೆಲ್ಲ ನಂಬಿ ಬರೆಯುವ ಧೈರ್ಯ ನನಗಿಲ್ಲ. ಆದ್ದರಿಂದ ಎಲ್ಲಿ ಸಂಶಯವಿದೆಯೋ ಅಲ್ಲಿ ಸಂಶಯವಿದೆ ಎಂದೇ ಬರೆಯುತ್ತೇನೆ.

ವಾಸನೆಯ ಬಗ್ಗೆ ಸಂಶಯವಿಲ್ಲ. ಗರುಗದ ಸೊಪ್ಪಿನ ರಸ, ಹರಳೆಣ್ಣೆ ದೀಪದ ಕಪ್ಪು, ಯಾವಳಾದರೂ ಬಾಣಂತಿಯಿಂದ ಬೇಡಿ ತಂದ ಒಂದಿಷ್ಟು ಎದೆಹಾಲು. ಈ ಮೂರನ್ನೂ ತೆಂಗಿನ ಚಿಪ್ಪಿನಲ್ಲಿ ಕಲಸಿ, ಒಟ್ಟಿಗೆ ಬಿಗಿದ ಸೂಜಿಗಳ ತುದಿಯನ್ನು ಅದರಲ್ಲಿ ಅದ್ದುತ್ತಿದ್ದವಳನ್ನು ನಾವು ಹಚ್ಚೆಯಮ್ಮ ಎನ್ನುತ್ತಿದ್ದೆವು.

ಅವಳು ಪಾವಗಡದ ಕಡೆಯವಳು, ಮಾತಿನಲ್ಲಿ ತೆಲುಗು ಬೆರೆತಿರುತ್ತಿತ್ತು, ತಾಯಿ ಎನ್ನುವುದಕ್ಕೆ ತಲ್ಲಿ ಎನ್ನುತ್ತಿದ್ದಳು. ಸುಗ್ಗಿ ಮುಗಿದು ಹೆಂಗಸರ ಕೈಗೆ ಸ್ವಲ್ಪ ಬಿಡುವು ಸಿಗುವ ಹೊತ್ತಿಗೆ ಪುರವರದ ಮೇಲಿಂದ ನಡೆದು ಮಧುಗಿರಿಗೆ ಬರುತ್ತಿದ್ದಳು. ಕಂಕುಳಲ್ಲಿ ಸುತ್ತಿದ ಚಾಪೆ, ಬಿದಿರಿನ ಕೊಳವೆಯೊಳಗೆ ಸೂಜಿ. ಎತ್ತರದ ಹೆಂಗಸು. ಬಾಯಿತುಂಬ ಎಲೆ ಅಡಿಕೆ ಇರುತ್ತಿತ್ತು ಎಂದು ನೆನಪು, ಆದರೆ ಅದು ಬಳೆಗಾರ್ತಿಯ ಬಾಯಿಯೂ ಇರಬಹುದು... ಮಣಿಕಟ್ಟಿನಿಂದ ಭುಜದವರೆಗೆ ಅವಳ ಎರಡು ಕೈಗಳಲ್ಲಿ ಬೆರಳಿಡುವಷ್ಟು ಖಾಲಿ ಜಾಗವಿರಲಿಲ್ಲ. ತೇಳು, ತೊಟ್ಟಿಲು, ತುಳಸಿಕಟ್ಟೆ, ಜೋಡಿ ನವಿಲು. ಹಚ್ಚೆ ಹುಯ್ಯಿಸಿಕೊಳ್ಳಲು ಬಂದವರು ಅವಳ ಕೈ ಹಿಡಿದು ತಿರುಗಿಸಿ ನೋಡಿ, ನನಗೆ ಇದು ಬೇಕು ಎಂದು ಬೊಟ್ಟು ಮಾಡುತ್ತಿದ್ದರು.

ನಮ್ಮೂರಿಗೆ ಬಂದರೆ ಮೊದಲು ಪೊಲೀಸ್ ಠಾಣೆ, ಆಮೇಲೆ ನಮ್ಮ ಜಗಲಿ. ಅದೇಕೆ ಹಾಗೆ ಎಂದು ನನಗೆ ಅರ್ಥವಾದದ್ದು ಮೈಸೂರಿನಲ್ಲಿ ಓದುವಾಗ. ಆಗಿನ ಕಾನೂನಿನ ಲೆಕ್ಕದಲ್ಲಿ ಅವರ ಕುಲಕ್ಕೆ ಕುಲವೇ ಕಳ್ಳರು. ಯಾವ ಊರಿಗೆ ಬಂದರೂ ಬಂದೆ ಎಂದು ಠಾಣೆಯಲ್ಲಿ ಹೇಳಬೇಕು, ಬಿಡುವಾಗ ಹೋಗುತ್ತೇನೆ ಎಂದು ಹೇಳಬೇಕು. ತಪ್ಪಿದರೆ, ಇಲ್ಲವೇ ತಪ್ಪಿದಂತೆ ಠಾಣೆಯ ಜಮಾದಾರನಿಗೆ ಕಂಡರೆ, ಗಂಡ ಹೆಂಡತಿ ಮಕ್ಕಳನ್ನೆಲ್ಲ ದೂರದ ಸೆಟ್ಲ್‌ಮೆಂಟಿಗೆ ಸಾಗಿಸುತ್ತಿದ್ದರು. ಸುತ್ತ ತಂತಿಬೇಲಿ ಹಾಕಿದ ಊರು ಅದು. ಒಳಗೆ ಹೋದವರು ಅಪ್ಪಣೆಯಿಲ್ಲದೆ ಹೊರಗೆ ಬರುವಂತಿರಲಿಲ್ಲ. ಇದೆಲ್ಲ ಹಚ್ಚೆಯಮ್ಮನಿಗೆ ಮಾತ್ರವಲ್ಲ, ನಮ್ಮ ಮನೆಯ ದೊಡ್ಡವರಿಗೂ ಗೊತ್ತಿತ್ತು.

ನಾನು ಹೇಳುತ್ತಿರುವುದು, ನಡುವೆ ರಾಟೆಯಿದ್ದ ಚಳವಳಿಯ ಬಾವುಟಕ್ಕೆ ನಿಷೇಧವಿದ್ದ ವರ್ಷದ ಮಾತು. ಪಕ್ಕದ ತಾಲ್ಲೂಕಿನಲ್ಲಿ ಗುಂಡು ಹಾರಿ ಜನ ಸತ್ತಿದ್ದರು. ನಮ್ಮ ಪೇಟೆಯಲ್ಲಿ ಗಂಡಸರು ದನಿ ತಗ್ಗಿಸಿ ಮಾತಾಡುತ್ತಿದ್ದರು. ನಮ್ಮ ಮನೆಯಲ್ಲಿ ದನಿ ತಗ್ಗಿಸದವಳು ನನ್ನ ಸೋದರತ್ತೆ ಒಬ್ಬಳೇ. ಮದುವೆಯಾದ ಮರುವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಜಗಲಿಯ ಮೇಲೆ ರಾಟೆ ಇಟ್ಟುಕೊಂಡು ನೂಲುತ್ತಿದ್ದಳು, ಬೆಳಗಾದರೆ ಬೀದಿಯ ಹೆಂಗಸರನ್ನು ಕಟ್ಟಿಕೊಂಡು ಹಾಡುತ್ತ ಪೇಟೆ ಸುತ್ತುತ್ತಿದ್ದಳು. ಪೊಲೀಸರು ಬಂದು ಕೈಯಲ್ಲಿದ್ದ ಬಾವುಟ ಕಿತ್ತುಕೊಂಡು ಹೋಗುವರು, ಇವಳು ಮನೆಗೆ ಬಂದು ಇನ್ನೊಂದು ಹೊಲಿಯುವಳು. ಕಡೆಗೆ ಅವರು ಮನೆಗಳನ್ನೇ ಶೋಧಿಸಲು ಶುರುಮಾಡಿದರು. ಹಿತ್ತಲಲ್ಲಿ ಒಣಹಾಕಿದ್ದ ಒಂದು ಸೀರೆಯ ಸೆರಗಿನಲ್ಲಿ ಕೇಸರಿ, ಬಿಳಿ, ಹಸಿರು ಮೂರೂ ಇವೆಯೆಂದು ಅದನ್ನೂ ಎಳೆದುಕೊಂಡು ಹೋದರು.

"ಇನ್ಮೇಲೆ ಸೀರೆ ಒಗೆಯೋಕೂ ಅಮಲ್ದಾರರ ಅಪ್ಪಣೆ ತಗೋಬೇಕೇನೋ" ಎಂದಳು ಅಜ್ಜಿ.

ಅದರ ಮರುದಿನವೋ, ಎರಡು ದಿನ ಬಿಟ್ಟೋ, ಹಚ್ಚೆಯಮ್ಮ ನಮ್ಮ ಜಗಲಿಯ ಮೇಲೆ ಎದುರುಮನೆಯ ಹುಡುಗಿಗೆ ತುಳಸಿಕಟ್ಟೆ ಹುಯ್ಯುತ್ತಿದ್ದಳು. ರಾಟೆ ತಿರುಗಿಸುತ್ತಿದ್ದ ಅತ್ತೆ ಕೈ ನಿಲ್ಲಿಸಿ ನೋಡುತ್ತ ಕೂತಳು. ಹುಡುಗಿ ಎದ್ದು ಹೋದ ಮೇಲೆ ಕೇಳಿದಳು: "ಬಾವುಟ ಹುಯ್ಯೋಕಾಗುತ್ತೇನು ನಿನಗೆ?"

"ಏನಾದ್ರೂ ಹುಯ್ತೀನಿ ತಲ್ಲೀ. ಬಾವ್ಟ ಅಂದ್ರೆ ಮೂರು ಬಣ್ಣದ್ದು ಅಲ್ವಾ? ನನ್ತಾವ ಇರೋದು ಒಂದೇ ಬಣ್ಣ."

ನೋಡಿ ಬರೆಯಲು ಮನೆಯಲ್ಲಿ ಒಂದು ಬಾವುಟವೂ ಉಳಿದಿರಲಿಲ್ಲ. ಅತ್ತೆ ಬಾಯಲ್ಲೇ ವಿವರಿಸಿ ರಾಟೆಯನ್ನು ಅವಳ ಮುಂದೆ ಸರಿಸಿದಳು. ಹಚ್ಚೆಯಮ್ಮ ಅದನ್ನು ಮುಂದಿನಿಂದ ನೋಡಿದಳು, ಪಕ್ಕದಿಂದ ನೋಡಿದಳು, ಒಂದು ಸಲ ತಿರುಗಿಸಿಯೂ ನೋಡಿದಳು. ಆಮೇಲೆ ಒಲೆಯ ಇದ್ದಲು ತರಿಸಿ ಜಗಲಿಯ ಕಲ್ಲಿನ ಮೇಲೆ ಗೀಚಿದಳು. ಮೇಲಿನ ಪಟ್ಟಿಗೆ ಒತ್ತೊತ್ತಾಗಿ ಚುಕ್ಕಿ, ಕೆಳಗಿನ ಪಟ್ಟಿಗೆ ಓರೆ ಗೆರೆ, ನಡುವೆ ರಾಟೆ.

"ಬಿಳಿ ಎಲ್ಲಿ?" ಎಂದೆ ನಾನು. ನನಗಾಗ ಹದಿನಾರು. ಹೈಸ್ಕೂಲು ಮುಗಿಸಿದ್ದೆ, ಎಲ್ಲದರಲ್ಲೂ ತಪ್ಪು ಹುಡುಕುತ್ತಿದ್ದೆ.

"ಬಿಳೀದು ನಿನ್ನ ಚರ್ಮಾನೇ ಕಣಮ್ಮ. ಅಲ್ಲಿಗೆ ಸೂಜಿ ಮುಟ್ಸಾಕಿಲ್ಲ."

ಅತ್ತೆ ತನ್ನ ಬಲಗೈಯನ್ನು ಮುಂದೆ ಚಾಚಿದಳು. ಹಚ್ಚೆಯಮ್ಮ ಅದನ್ನು ಮುಟ್ಟಲಿಲ್ಲ. ಚಿಪ್ಪನ್ನು ಪಕ್ಕಕ್ಕೆ ಸರಿಸಿದಳು.

"ಗಂಡ ಸತ್ತೋರ ಕೈಗೆ ಹುಯ್ಯಾಕಿಲ್ಲ ತಲ್ಲೀ. ನಮ್ಮವ್ವ ಹುಯ್ದಿಲ್ಲ, ಅವರವ್ವ ಹುಯ್ದಿಲ್ಲ."

"ಸರ್ಕಾರದೋರು ಬಾವುಟ ಹಿಡೀಬೇಡ ಅಂತಾರೆ. ನೀನು ಹಚ್ಚೆ ಹುಯ್ಸ್ಕೋಬೇಡ ಅಂತೀಯ. ಹಂಗಾರೆ ಈ ಕೈ ಯಾತಕ್ಕೆ ಇಟ್ಕೊಂಡಿರ್ಲಿ ಹೇಳು?"

ಹಚ್ಚೆಯಮ್ಮ ಚಾಪೆ ಸುತ್ತಿಕೊಂಡು ಹೋದಳು. ಅಜ್ಜಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅಜ್ಜಿಗೆ ಅತ್ತೆ ಹೊಟ್ಟೆಯಲ್ಲಿ ಹುಟ್ಟಿದ ಮಗಳು. ಮಗಳ ಕೈಯ ಬಳೆ ಒಡೆದ ದಿನ ಅಲ್ಲೇ ಇದ್ದವಳು.

ಮರುದಿನ ಬಿಸಿಲೇರುವ ಮೊದಲೇ ಹಚ್ಚೆಯಮ್ಮ ಬಂದಳು. ಚಾಪೆ ಹಾಸಿದಳು. "ಹುಯ್ತೀನಿ ರಾ ತಲ್ಲೀ. ಪದ ಮಾತ್ರ ಬ್ಯಾರೆ ಕಟ್ಬೇಕಾಯ್ತು. ನನಗೆ ಬರೋ ಪದದಾಗೆಲ್ಲ ಗಂಡನ ಮನೆ ಐತೆ" ಎಂದಳು.

ಸೂಜಿಯ ನೋವು ಮರೆಯಲೆಂದು ಹಚ್ಚೆ ಹುಯ್ಯುವಾಗ ಅವರು ಪದ ಹೇಳುವುದು ವಾಡಿಕೆ. ತೊಟ್ಟಿಲಿಗೆ ಒಂದು ಪದ, ತೇಳಿಗೆ ಒಂದು. ಎಲ್ಲದರಲ್ಲೂ ತವರು ಬಿಟ್ಟು ಹೋಗುವ ಹೆಣ್ಣು, ಕಾದಿರುವ ಗಂಡ. ಅತ್ತೆಯ ಕೈಗೆ ಆ ಪದಗಳು ಒಪ್ಪವು ಎಂದು ರಾತ್ರಿಯೆಲ್ಲ ಕೂತು ಅವಳು ಹೊಸದನ್ನು ಕಟ್ಟಿದ್ದಳು. ಮೊದಲ ಸೂಜಿ ಇಳಿಯುವ ಹೊತ್ತಿಗೆ ಅಜ್ಜಿ ಹೊರಗೆ ಬಂದು ಮಗಳ ಪಕ್ಕದಲ್ಲಿ ಕೂತು ಅವಳ ಎಡಗೈ ಹಿಡಿದುಕೊಂಡಳು. ಹುಯ್ಯಿಸಿಕೊಳ್ಳುವವರ ಇನ್ನೊಂದು ಕೈಯನ್ನು ಹೆತ್ತವಳು ಹಿಡಿಯುವುದೂ ವಾಡಿಕೆಯೇ. ಆ ಪದದ ಎರಡು ಸಾಲು ನನ್ನಲ್ಲಿ ಉಳಿದಿವೆ:

ಕೋಲಿಲ್ಲದ ಬಾವುಟ ಕೋಟೆ ಏರದ ಬಾವುಟ
ಕಸಿಯಾಕೆ ಬಂದೋರು ಕೈಯನ್ನೇ ಕಸಿಯಲಿ

ಎರಡನೆಯ ಸಾಲು ಅವಳದೇ, ಆಣೆ ಮಾಡಿ ಹೇಳಬಲ್ಲೆ. ಮೊದಲನೆಯದರಲ್ಲಿ ಕೋಟೆ ಅವಳದೋ, ಕಾಲೇಜಿನಲ್ಲಿ ಈ ಕಥೆಯನ್ನು ಗೆಳತಿಯರಿಗೆ ಹೇಳುವಾಗ ಚೆನ್ನಾಗಿರಲಿ ಎಂದು ನಾನು ಸೇರಿಸಿದ್ದೋ... ಗೊತ್ತಿಲ್ಲ.

ಅತ್ತೆಯ ಕೈ ನೋಡಿ ಎದುರುಮನೆಯವರು ಬಂದರು, ಅವರನ್ನು ನೋಡಿ ಹಿಂದಿನ ಬೀದಿಯವರು. ಕಂಬಳಿ ಮಾರಲು ಬಂದಿದ್ದ ಕುರುಬರ ಮುದುಕಿಯೊಬ್ಬಳು ತನಗೂ ಬೇಕೆಂದು ಕೂತಳು. ಈ ಸುದ್ದಿ ಚಳವಳಿಯ ಮುಂದಾಳಾಗಿದ್ದ ವಕೀಲರಿಗೆ ಮುಟ್ಟಿ ಅವರು ನಮ್ಮ ಜಗಲಿಗೇ ಬಂದರು. ಒಳ್ಳೆಯ ಮನುಷ್ಯರು, ಜೈಲು ಕಂಡವರು. ಆದರೆ ಹಚ್ಚೆ ಎಂದರೆ ಅವರಿಗೆ ಕಾಡುಪದ್ಧತಿ.

"ಬಾವುಟಕ್ಕೆ ಒಂದು ಅಳತೆ ಇದೆ ತಾಯಿ, ಬಣ್ಣ ಇದೆ, ಮರ್ಯಾದೆ ಇದೆ. ಪಾತ್ರೆ ತಿಕ್ಕೋ ಕೈಮೇಲೆ, ಸಗಣಿ ಬಾಚೋ ಕೈಮೇಲೆ ಹಾಕೋದು ಸರಿಯೆ?" ಎಂದು ಅಜ್ಜಿಯನ್ನು ಕೇಳಿದರು.

"ನಿಮ್ಮ ಬಾವುಟ ಕೋಲಿನ ಮೇಲೆ ಸುಮ್ನೆ ನಿಂತಿರ್ತದೆ ಸ್ವಾಮಿ. ಇದು ಮುದ್ದೆ ತೊಳಸೋ ಬಾವುಟ. ಇದ್ದರೆ ಇರಲಿ ಬುಡಿ" ಎಂದಳು ಅಜ್ಜಿ.

ವಕೀಲರು ನಕ್ಕರೆಂದು ನೆನಪು. ನಗಲಿಲ್ಲವೆಂದು ಅತ್ತೆ ಹೇಳುತ್ತಿದ್ದಳು.

ಹುಯ್ದ ಕೈಗಳು ಮಾಗಿ ಸಿಪ್ಪೆ ಉದುರಿ ಹಸಿರು ತಿಳಿಯಾದ ಮೇಲೆ, ಒಂದು ಬೆಳಿಗ್ಗೆ ಹೆಂಗಸರೆಲ್ಲ ಬರಿಗೈಯಲ್ಲಿ ಸಾಲಾಗಿ ತಾಲ್ಲೂಕು ಕಚೇರಿಯ ಕಡೆ ಹೊರಟರು. ಮೈಸೂರಿನ ಕಾಲೇಜಿಗೆ ಸೇರುವ ಹುಡುಗಿ ಕೇಸಿಗೆ ಸಿಕ್ಕಬಾರದೆಂದು ಅಪ್ಪ ನನ್ನನ್ನು ಕಳಿಸಿರಲಿಲ್ಲ. ನಾನು ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡಿದೆ. ಹಾಡಿಲ್ಲ, ಕೂಗಿಲ್ಲ. ಜಮಾದಾರ ಎದುರಿಗೆ ಬಂದು ಯಾರ ಕೈಯಲ್ಲಿ ಬಾವುಟವಿದೆ ಎಂದು ಹುಡುಕಿದ. ಕಾಣಲಿಲ್ಲ. ಕಚೇರಿಯ ಬಾಗಿಲಿಗೆ ಬಂದದ್ದೇ ಎಲ್ಲರೂ ರವಿಕೆಯ ತೋಳು ಮೇಲೆ ಸರಿಸಿ ಬಲಗೈ ಎತ್ತಿದರು.

"ಕಸ್ಕಳಿ ಸಾಮಿ, ಕಸ್ಕಳಿ" ಎಂದು ನೋಡುತ್ತ ನಿಂತಿದ್ದ ಗುಂಪಿನಲ್ಲಿ ಯಾರೋ ಗಂಡಸು ಹೇಳಿದ. ಜನ ನಗತೊಡಗಿದರು.

ಜಮಾದಾರ ಕೊರಟಗೆರೆ ಕಡೆಯವನು, ಕೆಟ್ಟವನಲ್ಲ, ಆದರೆ ಪೇಟೆ ನಡುವೆ ನಗೆಪಾಟಲಾಗಿದ್ದ. "ಇದನ್ನ ಹುಯ್ದೋರು ಯಾರು?" ಎಂದು ಗದರಿಸಿದ.

"ಹುಟ್ಟಿದಾಗ್ಲೇ ಇತ್ತು" ಎಂದಳು ಅತ್ತೆ. ಪಕ್ಕದವಳೂ ಅದನ್ನೇ ಹೇಳಿದಳು. ಕುರುಬರ ಮುದುಕಿಯೂ, "ನಮ್ಮವ್ವನ ಹೊಟ್ಟೆಯಾಗೇ ಹುಯ್ಸ್ಕಂಡೆ ಕಣ್ಲಾ" ಎಂದಳು. ಇದು ಮೊದಲೇ ಮಾತಾಡಿಕೊಂಡದ್ದು. ಯಾರೂ ಹೆಸರು ಹೇಳದಿದ್ದರೆ ಹಚ್ಚೆಯಮ್ಮನನ್ನು ಹಿಡಿಯಲು ನೆಪ ಸಿಗುವುದಿಲ್ಲ ಎಂದು ಅತ್ತೆಯ ಲೆಕ್ಕ. ಅಷ್ಟರೊಳಗೆ ಅವಳು ಠಾಣೆಯಲ್ಲಿ ಹೇಳಿ ಪಾವಗಡದ ದಾರಿ ಹಿಡಿಯಬೇಕೆಂದೂ ತೀರ್ಮಾನವಾಗಿತ್ತು.

ಆದರೆ ಅವಳು ಹೊರಟಿರಲಿಲ್ಲ. ಹೆಂಗಸರು ಹಿಂದಿರುಗಿದಾಗ ನಮ್ಮ ಜಗಲಿಯ ಮೇಲೆ ಚಾಪೆ ಹಾಸಿ ಕೂತಿದ್ದಳು.

"ಇನ್ನೂ ಇಲ್ಲೇ ಇದೀಯಾ? ಎದ್ದೇಳು, ಅವನು ಈಗ ಬರ್ತಾನೆ" ಎಂದು ಅತ್ತೆ ಅವಸರಿಸಿದಳು.

"ಈ ಕೂಸಿಗೆ ಇವತ್ತು ಹುಯ್ತೀನಿ ಅಂದಿದ್ದೆ. ಕೈಯಿ ಇವ್ವು ತಲ್ಲೀ" ಎಂದು ಕೈ ಚಾಚಿ ನನ್ನನ್ನು ಕರೆದಳು.

ನಿಜ, ಹಿಂದಿನ ದಿನ ನಾನೇ ಕೇಳಿದ್ದೆ. ಬಹಳ ದಿನ ಹಿಂದೆಮುಂದೆ ನೋಡಿದ್ದೆ. ಮೈಸೂರಿನ ಹುಡುಗಿಯರು ಹಳ್ಳಿಯವಳೆಂದು ನಗುತ್ತಾರೆ ಎಂಬ ಅಳುಕು ಕೇಳಿದ ಮೇಲೂ ಉಳಿದಿತ್ತು. ಕಚೇರಿಯ ಮುಂದೆ ಎತ್ತಿದ ಕೈಗಳನ್ನು ನೋಡಿ ಬಂದ ಮೇಲೆ ಅದು ಹೋಗಿತ್ತು. ಕೂತೆ. ಅಜ್ಜಿ ನನ್ನ ಎಡಗೈ ಹಿಡಿದಳು.

ಚುಕ್ಕಿಯ ಪಟ್ಟಿ ಮುಗಿದು, ಗೆರೆಯ ಪಟ್ಟಿ ಮುಗಿದು, ರಾಟೆಯ ಚಕ್ರ ಅರ್ಧವಾಗಿದ್ದಾಗ ಜಮಾದಾರ ಬಂದ. ಹಿಂದೆ ಇಬ್ಬರು ಪೇದೆಗಳು.

"ಏಳು ಮ್ಯಾಕೆ" ಎಂದ.

ಅವಳು ತಲೆಯೆತ್ತಲಿಲ್ಲ. "ಕೂತ್ಕೋ ಸಾಮಿ. ರಕ್ತ ಮೂಡಿದ ಮ್ಯಾಲೆ ಅರ್ಧಕ್ಕೆ ಬುಟ್ರೆ ಈ ಕೂಸಿನ ಕೈ ಬಾತ್ಕೊಂತದೆ. ಮುಗ್ಸಿ ಬತ್ತೀನಿ."

ಹಚ್ಚೆಯನ್ನು ಅರ್ಧಕ್ಕೆ ಬಿಡಬಾರದು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ಮಾತು. ಜಮಾದಾರನಿಗೂ ಗೊತ್ತಿತ್ತು. ಸ್ವಲ್ಪ ಹೊತ್ತು ನಿಂತಿದ್ದು, ಜಗಲಿಯ ಅಂಚಿಗೆ ಕೂತು ರುಮಾಲು ತೆಗೆದ. ಅಜ್ಜಿ ಒಳಗಿನಿಂದ ನೀರು ಬೆಲ್ಲ ತರಿಸಿ ಕೊಟ್ಟಳು.

"ನಿಮ್ಮವ್ವನ ಕೈಯಾಗೆ ಏನು ಹುಯ್ಸವ್ರಪ್ಪ?" ಎಂದು ಅಜ್ಜಿ ಅವನನ್ನು ಕೇಳಿದಳು.

ಅವನು ಪೇದೆಗಳ ಮುಖ ನೋಡಿದ. "ತೊಟ್ಲು" ಎಂದ.

"ನಿನ್ನ ತೂಗಿದ್ದ ತೊಟ್ಲೇ ಇರಬೇಕು ಬುಡು."

ಹಚ್ಚೆಯಮ್ಮ ಪದ ಶುರುಮಾಡಿದಳು. ಜಮಾದಾರನ ಮುಂದೆ, ಕಸಿಯಾಕೆ ಬಂದೋರು ಕೈಯನ್ನೇ ಕಸಿಯಲಿ ಎಂಬ ಅದೇ ಪದ. ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. ಚಕ್ರ ಪೂರ್ತಿಯಾಯಿತು. ನೂಲು ಸುತ್ತುವ ಕದಿರು ಬಂತು. ಕದಿರಿನ ತುದಿಯಿಂದ ಒಂದು ನೂಲಿನ ಎಳೆ ಎಳೆದಳು. ಉಳಿದ ಎಲ್ಲರ ಕೈಯಲ್ಲೂ ಅದು ಪಟ್ಟಿಯೊಳಗೇ ನಿಂತಿತ್ತು. ನನ್ನ ಕೈಯಲ್ಲಿ ಪಟ್ಟಿ ದಾಟಿ, ಮಣಿಕಟ್ಟಿನವರೆಗೂ ಹೋಯಿತು. ಆಮೇಲೆ ಅರಿಸಿನ ಒತ್ತಿ, ಸೂಜಿ ತೊಳೆದು ಕೊಳವೆಗೆ ಹಾಕಿದಳು.

ಜಮಾದಾರ ಎದ್ದು ನನ್ನ ಕೈ ನೋಡಿದ. "ಇದು ಏನು ಹುಯ್ದಿದೀಯ?"

ಅತ್ತೆ ಬಾಯಿ ಹಾಕಿದಳು: "ಅದು ಅವಳಿಗೆ ಹುಟ್ಟಿದಾಗ್ಲೇ..."

"ನಾನೇ ನೋಡ್ತಾ ಕೂತಿದ್ನಲ್ಲಮ್ಮ" ಎಂದ ಜಮಾದಾರ. ಪೇದೆಗಳಿಗೆ ನಗು ತಡೆಯಲಾಗಲಿಲ್ಲ. ಅವನು ಹಚ್ಚೆಯಮ್ಮನ ಕಡೆ ತಿರುಗಿ ದನಿ ತಗ್ಗಿಸಿದ. "ನೋಡು, ನನಗೆ ಇದು ರಂಗೋಲಿ ಕಂಡಂಗೆ ಕಾಣ್ತದೆ. ರಂಗೋಲಿ ಅಂತ ಯೇಳು. ಮಿಕ್ಕಿದ್ದು ಯಾರು ಹುಯ್ದರೋ ಗೊತ್ತಿಲ್ಲ ಅನ್ನು. ಸಂಜೆ ಒಳಗೆ ಈ ಊರು ಬುಟ್ಟು ಓಗು. ಮಕ್ಕಳೊಂದಿಗಳು, ಸೆಟ್ಲ್‌ಮೆಂಟು ನಿನಗೆ ಬ್ಯಾಡ."

ಅವನು ನಿಜವಾಗಿಯೂ ದಾರಿ ಬಿಟ್ಟುಕೊಟ್ಟಿದ್ದ. ಅತ್ತೆ ಕಣ್ಣಿನಲ್ಲೇ ಹೂಂ ಅನ್ನು ಎಂದಳು. ಅಜ್ಜಿ ನನ್ನ ಕೈಯನ್ನು ಹಿಡಿದೇ ಇದ್ದಳು, ಅವಳ ಹಿಡಿತ ಬಿಗಿಯಾಯಿತು.

ಹಚ್ಚೆಯಮ್ಮ ಚಾಪೆ ಸುತ್ತಿದಳು. "ರಂಗೋಲಿ ಅಲ್ಲ ಸಾಮಿ, ಬಾವ್ಟ. ಈ ಊರಾಗೆ ಇರೋವೆಲ್ಲ ನಾನೇ ಹುಯ್ದದ್ದು" ಎಂದಳು. ಚಾಪೆಯನ್ನು ಕಂಕುಳಿಗೆ ಸೇರಿಸಿ ಮುಂದುವರಿಸಿದಳು: "ಯಾರ ಮನೇಲಿ ಏನು ಕಳುವಾದ್ರೂ ನಮ್ಮ ಹೆಸ್ರು ಬರ್ಕಂತೀರಿ. ನಾವು ಮಾಡದಿದ್ರೂ ಬರ್ಕಂತೀರಿ. ಇದು ನಾನು ಮಾಡಿದೀನಿ. ಇದಕ್ಕೂ ನನ್ನ ಹೆಸ್ರು ಬರ್ಕಳಿ."

ಆಮೇಲೆ ಅವಳು ತನ್ನ ಹೆಸರು ಹೇಳಿದಳು. ಅಪ್ಪನ ಹೆಸರು, ಊರಿನ ಹೆಸರು ಸೇರಿಸಿ, ಬೀದಿಗೆಲ್ಲ ಕೇಳುವಂತೆ ಹೇಳಿದಳು. ನಾನು ಅಲ್ಲೇ, ಅವಳ ಪಕ್ಕದಲ್ಲೇ ಕೂತಿದ್ದೆ. ಜಮಾದಾರ ಕುಡಿದಿಟ್ಟ ಲೋಟ ನೆನಪಿದೆ. ಅರಿಸಿನದ ಉರಿ ನೆನಪಿದೆ. ಆ ಹೆಸರು ಮಾತ್ರ... ಎಷ್ಟು ತಡಕಿದರೂ ಸಿಗುವುದಿಲ್ಲ.

ಹೆಂಗಸರೆಲ್ಲ ಅವಳ ಜೊತೆ ಠಾಣೆಯವರೆಗೂ ನಡೆದರು. ಈ ಸಲ ನಾನೂ ಹೋದೆ, ಯಾರನ್ನೂ ಕೇಳದೆ. ಸಂಜೆಯವರೆಗೆ ಠಾಣೆಯ ಮುಂದಿನ ಬೇವಿನ ಮರದ ಕೆಳಗೆ ಕೂತಿದ್ದೆವು. ಅವಳನ್ನು ಬಿಡಲಿಲ್ಲ. ಒಂದು ವಾರದೊಳಗೆ ಅವಳ ಸಂಸಾರವನ್ನೆಲ್ಲ ಸೆಟ್ಲ್‌ಮೆಂಟಿಗೆ ಸಾಗಿಸಿದರು. ಬಾವುಟದ ಮೇಲಿನ ನಿಷೇಧ ಕೆಲವೇ ವಾರಗಳಲ್ಲಿ ಸರ್ಕಾರಕ್ಕೂ ಚಳವಳಿಯವರಿಗೂ ರಾಜಿಯಾಗಿ ಮುಗಿಯಿತು. ವಕೀಲರೇ ಪೇಟೆಯ ನಡುವೆ ಬಾವುಟ ಏರಿಸಿದರು, ಸಿಹಿ ಹಂಚಿದರು. ಅವಳನ್ನು ಹಿಡಿದ ಕಾನೂನು ಬೇರೆಯದು. ಅದಕ್ಕೆ ಯಾವ ರಾಜಿಯೂ ಆಗಲಿಲ್ಲ.

ಅತ್ತೆ ಬಿಡಲಿಲ್ಲ. ತುಮಕೂರಿನ ಕಚೇರಿಗಳಿಗೆ ಅಲೆದಳು. ವಕೀಲರ ಮನೆಯ ಬಾಗಿಲಲ್ಲಿ ಕೂತು, ಅವರು ಬೇಸತ್ತರೂ ಏಳದೆ, ಅರ್ಜಿಗಳನ್ನು ಬರೆಸಿದಳು. ಬಲಸಮುದ್ರದ ಹತ್ತಿರ ಅಂಥವಳೊಬ್ಬಳು ಇದ್ದಾಳೆಂದು ಯಾರೋ ಹೇಳಿದಾಗ ಗಾಡಿ ಕಟ್ಟಿಸಿಕೊಂಡು ಹೋಗಿ ಬಂದಳು. ಅವಳಲ್ಲ, ಬೇರೆ ಯಾರೋ. ಸ್ವಾತಂತ್ರ್ಯ ಬಂದ ದಿನ ಊರೆಲ್ಲ ಬಾವುಟ ಕಟ್ಟಿದಾಗ ಅತ್ತೆ ಕಟ್ಟಲಿಲ್ಲ. "ನನ್ನ ಹತ್ರ ಇದೆಯಲ್ಲ" ಎಂದು ಇನ್ನೊಂದು ಅರ್ಜಿ ಬರೆಸಲು ಹೋದಳು. ಕಡೆಗೆ ಅವಳು ತೀರಿಹೋದಾಗ ನಮ್ಮ ಪದ್ಧತಿಯಂತೆ ಕೂರಿಸಿ ಮಣ್ಣುಮಾಡಿದೆವು. ಬಾವುಟವೂ ಮಣ್ಣಿಗೆ ಹೋಯಿತು. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಹಚ್ಚೆಯಮ್ಮನ ಕೆಲಸದಲ್ಲಿ ನನಗೆ ತಿಳಿದಂತೆ ಈಗ ಉಳಿದಿರುವುದು ನನ್ನ ಕೈಮೇಲಿನದು ಒಂದೇ.

ಮೊನ್ನೆ ಆ ಸೊಸೆ ಎಣ್ಣೆ ಕೊಡಲು ಬಂದಾಗ ನನ್ನ ಕೈ ನೋಡಿ, "ಇದೇನಜ್ಜಿ, ಹೊಲಿಗೆ ಮಿಷನ್ನಾ?" ಎಂದಳು. ಅವಳ ತಪ್ಪಲ್ಲ. ಚರ್ಮ ಸಡಿಲವಾಗಿದೆ, ಚುಕ್ಕಿಗಳು ಒಂದರೊಳಗೊಂದು ಹರಡಿವೆ, ಬಿಳಿ ಇರಬೇಕಾದಲ್ಲಿ ಹಸಿರು ಇಳಿದಿದೆ. ಅವಳು ಹೋದ ಮೇಲೆ ಕನ್ನಡಕ ಹಾಕಿಕೊಂಡು ಬಿಸಿಲಿನಲ್ಲಿ ಕೂತು ನೋಡಿದೆ. ಮಣಿಕಟ್ಟಿನವರೆಗೆ ಬಂದ ಆ ಎಳೆ ಮಾತ್ರ ಇನ್ನೂ ಸ್ಪಷ್ಟವಾಗಿದೆ. ಇಷ್ಟು ವರ್ಷ ನಾನು ಈ ಕಥೆಯನ್ನು ಹೇಳುವಾಗೆಲ್ಲ, ಪೊಲೀಸರನ್ನು ಕಾಯಿಸಲೆಂದೇ ಅವಳು ಎಳೆಯನ್ನು ಉದ್ದ ಮಾಡಿದಳು ಎನ್ನುತ್ತಿದ್ದೆ. ಕೇಳಿದವರು ಮೆಚ್ಚುತ್ತಿದ್ದರು, ನನಗೂ ಅದೇ ಇಷ್ಟವಾಗಿತ್ತು.

ಆ ಎಳೆ ನೇರವಾಗಿಲ್ಲ. ಚಕ್ರದ ಮೊದಲ ಅರ್ಧ ಅಚ್ಚುಕಟ್ಟಾಗಿ ದುಂಡಗಿದೆ, ಜಮಾದಾರ ಬಂದ ಮೇಲಿನ ಅರ್ಧ ಅಲ್ಲಲ್ಲಿ ಅಲುಗಿದೆ. ಎಳೆಯಂತೂ ಉದ್ದಕ್ಕೂ ನಡುಗಿದೆ. ಬಹುಶಃ ಸೂಜಿ ಹಿಡಿತ ತಪ್ಪಿಯೇ ಪಟ್ಟಿ ದಾಟಿರಬೇಕು. ಎದುರಿಗೆ ಕೂತಿದ್ದವನು ಯಾರು, ತನ್ನ ಮಕ್ಕಳು ಎಲ್ಲಿಗೆ ಹೋಗಬೇಕಾದೀತು ಎಂದು ಅವಳಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವಳ ದನಿಯಲ್ಲಿ ಇಲ್ಲದ ನಡುಕ ನನ್ನ ಕೈಮೇಲೆ ಉಳಿದಿದೆ. ಅವಳಿಗೆ ಭಯವೇ ಇರಲಿಲ್ಲ ಎಂದು ಇನ್ನು ಮೇಲೆ ಹೇಳುವುದಿಲ್ಲ. ಹೆದರಿದ್ದಳು. ಹೆದರಿದ ಕೈಯಲ್ಲೇ ಚಕ್ರವನ್ನು ಪೂರ್ತಿಮಾಡಿ, ಸೂಜಿ ತೊಳೆದಿಟ್ಟು, ಎದ್ದು ನಿಂತು, ನಾನೇ ಎಂದಳು.